ಬಿಲ್ಲೆಯ ಮಹಿಮೆ

ಮರೆವು ದೇವರು ಕೊಟ್ಟ ವರವೆಂದು ಹಿರಿಯರು ಹೇಳುವುದುಂಟು. ಆ ವರವನ್ನು ಪೂರ್ಣವಾಗಿ ಪಡೆದುಬಂದವರನ್ನು ನೋಡುವ ಆಸೆಯಿದ್ದರೆ ವೆಬ್ ಸರ್ವರ್ ಎಂಬ ಯಂತ್ರದ ಸಹವಾಸ ಮಾಡಬೇಕು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದರಿಂದಲೇ ಹೊಟ್ಟೆ ಹೊರೆಯುತ್ತಿರುವ ನಾನು ಅದರ ಸ್ವಭಾವವನ್ನು ತಕ್ಕಮಟ್ಟಿಗೆ ಬಲ್ಲೆ. ಅದರಷ್ಟು ವಿಧೇಯನಾದ ಆಳು ಇಲ್ಲ. ಅದರಷ್ಟು ಮರೆಗುಳಿಯೂ ಇಲ್ಲ. ಒಂದು ಪುಟವನ್ನು ಕೇಳಿದಿರೋ, ಒಡನೆಯೇ ತಂದು ಕೈಗಿಡುತ್ತದೆ. ಮರುಕ್ಷಣ ಇನ್ನೊಂದನ್ನು ಕೇಳಿದರೆ, ನಿಮ್ಮನ್ನು ಜನ್ಮದಲ್ಲೇ ಕಂಡಿಲ್ಲವೆಂಬಂತೆ ನಡೆದುಕೊಳ್ಳುತ್ತದೆ.

ಇದು ಅದರ ದೋಷವಲ್ಲ, ಹುಟ್ಟುಗುಣ. 1990ರ ಸುಮಾರಿನಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ವೆಬ್ಬನ್ನು ರೂಪಿಸಿದಾಗ, ಕೇಳಿದವರಿಗೆ ಕೇಳಿದ ಬರಹವನ್ನು ಕೊಡುವುದಷ್ಟೇ ಅದರ ಕೆಲಸವಾಗಿತ್ತು. ಕೇಳಿದವರು ಯಾರೆಂಬುದನ್ನು ನೆನಪಿಡುವ ಹೊರೆಯಿಲ್ಲದ್ದರಿಂದ ಒಂದೇ ಯಂತ್ರ ಬಹುಜನರಿಗೆ ಬಡಿಸಬಲ್ಲದಾಯಿತು. ಕಷ್ಟ ತಲೆದೋರಿದ್ದು ವೆಬ್ಬಿನಲ್ಲಿ ಅಂಗಡಿಗಳು ಏಳತೊಡಗಿದಾಗ. ಗಿರಾಕಿ ಬುಟ್ಟಿಗೆ ಒಂದು ಪುಸ್ತಕ ಹಾಕಿ ಇನ್ನೊಂದನ್ನು ಹುಡುಕುವಷ್ಟರಲ್ಲಿ ಅಂಗಡಿಯವನು ಬುಟ್ಟಿಯನ್ನೂ ಗಿರಾಕಿಯನ್ನೂ ಮರೆತರೆ ವ್ಯಾಪಾರ ನಡೆದೀತೆ? 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲ್ಲಿ ಅವರು ಇದಕ್ಕೊಂದು ಉಪಾಯ ಕಂಡುಹಿಡಿದರು. ಸರ್ವರ್ ಒಂದು ಸಣ್ಣ ಚೀಟಿಯನ್ನು ಬ್ರೌಸರಿನ ಕೈಗೆ ಕೊಡುವುದು; ಬ್ರೌಸರ್ ಪ್ರತಿಸಲ ಬಂದಾಗಲೂ ಅದನ್ನು ತೋರಿಸುವುದು. ಆ ಚೀಟಿಗೇ ಕುಕಿ ಎಂದು ಹೆಸರು.

ಆದರೆ ಚೀಟಿಯಲ್ಲಿ ಏನನ್ನು ಬರೆಯಬೇಕು? ಬೆಲೆಯನ್ನೇ ಬರೆದುಕೊಟ್ಟರೆ, ನೂರನ್ನು ಹತ್ತೆಂದು ತಿದ್ದುವ ಮಹಾನುಭಾವರು ಲೋಕದಲ್ಲಿ ಇಲ್ಲದಿಲ್ಲ. ದೇವಸ್ಥಾನದ ಮುಂದೆ ಚಪ್ಪಲಿ ಕಾಯುವವನ ಪದ್ಧತಿಯೇ ಇಲ್ಲಿ ಮೇಲು. ಚಪ್ಪಲಿ ಅವನ ಬಳಿ, ಸಂಖ್ಯೆ ಬರೆದ ಬಿಲ್ಲೆ ನಮ್ಮ ಬಳಿ. ಸರ್ವರೂ ಹಾಗೆಯೇ ವಿವರಗಳನ್ನೆಲ್ಲ ತನ್ನ ಕಡತದಲ್ಲಿಟ್ಟುಕೊಂಡು ಸಂಖ್ಯೆಯೊಂದನ್ನು ಮಾತ್ರ ನಮಗೆ ಕೊಡುತ್ತದೆ. ಈ ಏರ್ಪಾಟಿಗೆ ಸೆಷನ್ ಎನ್ನುತ್ತಾರೆ. ಪಿಎಚ್‌ಪಿ ಎಂಬ ಗಣಕಭಾಷೆಯಲ್ಲಿ ಈ ಸೌಕರ್ಯ ಸೇರಿದ್ದು 2000ದ ಮೇ ತಿಂಗಳಲ್ಲಿ ಹೊರಬಂದ ನಾಲ್ಕನೆಯ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಬಿಲ್ಲೆಗಳನ್ನು ನಾವು ನಾವೇ ಕೆತ್ತಿಕೊಳ್ಳಬೇಕಾಗಿತ್ತು.

ಮರುವರ್ಷ, ನಾವು ನಾಲ್ವರು ಕೂಡಿ ಕಟ್ಟಿದ್ದ ಫ್ರೇಮ್‌ವರ್ಕಿಗೆ, ಎಂದರೆ ಹಲವು ತಾಣಗಳನ್ನು ಕಟ್ಟಲು ಒದಗುವ ಸಿದ್ಧ ಚೌಕಟ್ಟಿಗೆ, ಸೆಷನ್ ಅಳವಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಯಂತ್ರಕ್ಕೆ ನೆನಪು ಕಲಿಸಲು ಎರಡು ದಿನ ಸಾಕಾಯಿತು. ಯಾವಾಗ ಮರೆಯಬೇಕೆಂಬುದನ್ನು ಕಲಿಸಲು ಎರಡು ವಾರ ಹಿಡಿಯಿತು! ಗಿರಾಕಿ 1440 ಸೆಕೆಂಡು, ಎಂದರೆ 24 ನಿಮಿಷ, ಸುಮ್ಮನಿದ್ದರೆ ಅವನ ಕಡತವನ್ನು ಕಸಕ್ಕೆ ಹಾಕಬಹುದೆಂಬುದು ಪಿಎಚ್‌ಪಿಯ ಸಹಜ ಲೆಕ್ಕ. ನಮ್ಮ ಹಿರಿಯ ಪಾಲುದಾರರಿಗೆ ಇದು ಹಿಡಿಸಲಿಲ್ಲ. “ಊಟಮಾಡಿ ಬರುವಷ್ಟರಲ್ಲಿ ‘ನೀವು ಯಾರು’ ಎಂದರೆ ಗಿರಾಕಿ ಸಿಟ್ಟಾಗುವುದಿಲ್ಲವೇನಯ್ಯ? ಇಡೀ ಒಂದು ದಿನ ಇರಲಿ” ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು.

ವಾದವನ್ನು ಇತ್ಯರ್ಥಮಾಡಿದವರು, ಸೆಷನ್ ಎಂದರೆ ಸೆಷನ್ಸ್ ಕೋರ್ಟೆಂದಷ್ಟೇ ತಿಳಿದಿದ್ದ ನನ್ನ ಸೋದರಮಾವ. ನಿವೃತ್ತ ಉಪಾಧ್ಯಾಯರು. ಮಗಳ ಮದುವೆಯ ಮಾತುಕತೆ ದೂರದ ಊರಿನ ಗಂಡಿನ ಕಡೆಯವರೊಡನೆ ಇ-ಮೇಲಿನಲ್ಲಿ ನಡೆದಿತ್ತು. ಒಂದು ಸಂಜೆ ಸೈಬರ್ ಕೆಫೆಯಲ್ಲಿ ಕಾಗದ ಓದಿ, ಹಣ ಕೊಟ್ಟು, ಖಾತೆಯನ್ನು ಮುಚ್ಚದೆ ಎದ್ದುಬಂದರು. ಅದೇ ಕುರ್ಚಿಯಲ್ಲಿ ಬಂದು ಕುಳಿತ ಕಾಲೇಜು ಹುಡುಗನಿಗೆ ಪರದೆಯ ಮೇಲೆ ಕಂಡದ್ದು ಜಾತಕ, ಲಗ್ನದ ವಿಚಾರ, ಒಂದು ಮನೆಯ ಕಷ್ಟಸುಖ. ಸರ್ವರಿನ ದೃಷ್ಟಿಯಲ್ಲಿ ಆ ಗಳಿಗೆ ಅವನೇ ನನ್ನ ಸೋದರಮಾವ! ಕುಚೋದ್ಯಕ್ಕೆಂದು “ಈ ಸಂಬಂಧ ನಮಗೆ ಬೇಡ” ಎಂದು ಒಂದು ಸಾಲು ಬರೆದಿದ್ದರೆ ಆ ಹುಡುಗಿಯ ಗತಿಯೇನು? ಪುಣ್ಯಕ್ಕೆ ಹುಡುಗ ಸಜ್ಜನ. ಅಂಗಡಿಯವನನ್ನು ಕರೆದು ಖಾತೆಯನ್ನು ಮುಚ್ಚಿಸಿದ. ಮದುವೆ ಸಾಂಗವಾಗಿ ನಡೆಯಿತು. ಈ ಸಂಗತಿಯನ್ನು ಕೇಳಿದ ಪಾಲುದಾರರು ಇನ್ನೊಂದು ಮಾತಿಲ್ಲದೆ ಇಪ್ಪತ್ತು ನಿಮಿಷಕ್ಕೆ ಒಪ್ಪಿದರು.

ಚಪ್ಪಲಿ ಕಾಯುವವನು ಮುಖವನ್ನೂ ಒಂದಿಷ್ಟು ನೋಡುತ್ತಾನೆ. ಸರ್ವರ್ ನೋಡುವುದು ಬಿಲ್ಲೆಯನ್ನು ಮಾತ್ರ. ಆದ್ದರಿಂದ ಸಂಖ್ಯೆ ಊಹೆಗೆ ನಿಲುಕದಷ್ಟು ಉದ್ದವಾಗಿರಬೇಕು. ಗಿರಾಕಿ ಗುಪ್ತಪದ ಕೊಟ್ಟು ಒಳಬಂದೊಡನೆ ಹಳೆಯ ಬಿಲ್ಲೆಯನ್ನು ಕಸಿದು ಹೊಸದನ್ನು ಕೊಡಬೇಕು. ಹಳೆಯದು ಬೇರೊಬ್ಬನಿಗೆ ಮೊದಲೇ ತಿಳಿದಿರಬಹುದಲ್ಲ! ಅವನು ಹೊರಟಾಗ ಬಿಲ್ಲೆಯನ್ನು ಎಸೆದರೆ ಸಾಲದು, ಕಡತವನ್ನೂ ಹರಿಯಬೇಕು. ಇಷ್ಟೆಲ್ಲ ಮಾಡಿಯೂ ಬಿಲ್ಲೆಯನ್ನು ಬಹಿರಂಗವಾಗಿ ಸಾಗಿಸಿದರೆ ವ್ಯರ್ಥ. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬವರು ಫೈರ್‌ಶೀಪ್ ಎಂಬ ಪುಟ್ಟ ಸಲಕರಣೆಯನ್ನು ಬಿಡುಗಡೆ ಮಾಡಿ ಇದನ್ನು ಲೋಕಕ್ಕೆ ತೋರಿಸಿದರು. ಬೀಗವಿಲ್ಲದ ವೈ-ಫೈ ಇರುವ ಕಾಫಿ ಅಂಗಡಿಯಲ್ಲಿ ಕುಳಿತು, ಪಕ್ಕದವರ ಬಿಲ್ಲೆಯನ್ನು ಗಾಳಿಯಿಂದಲೇ ಹಿಡಿದು ಅವರ ಖಾತೆಯೊಳಗೆ ಹೋಗುವುದು ಮಕ್ಕಳಾಟವಾಗಿತ್ತು. ಮೊದಲ ಪುಟಕ್ಕೆ ಮಾತ್ರ ಗುಪ್ತಲಿಪಿಯ ರಕ್ಷಣೆ ಕೊಟ್ಟಿದ್ದ ದೊಡ್ಡ ದೊಡ್ಡ ತಾಣಗಳು ಆಮೇಲೆ ಎಲ್ಲ ಪುಟಗಳಿಗೂ ಅದನ್ನು ವಿಸ್ತರಿಸಿದವು.

ನೆನಪಿನ ಶಕ್ತಿಯನ್ನು ಎಲ್ಲರೂ ಹೊಗಳುತ್ತಾರೆ. ಹೊತ್ತರಿತು ಮರೆಯುವವರನ್ನು ಹೊಗಳುವವರು ಕಡಮೆ. ಬ್ಯಾಂಕಿನ ತಾಣವು ನಡುವೆ “ತಮ್ಮ ಸೆಷನ್ ಮುಗಿದಿದೆ” ಎಂದಾಗ ಓದುಗರು ಮುನಿಯಬಾರದು. ಪರಿಚಯವನ್ನು ಮರೆತು ಅದು ನಿಮ್ಮ ಹಣ ಉಳಿಸಿದೆ. ಇನ್ನು ಪರರ ಯಂತ್ರದ ಮುಂದೆ ಕುಳಿತಾಗ, ಏಳುವ ಮುನ್ನ ಲಾಗ್ ಔಟ್ ಎಂಬ ಗುಂಡಿಯನ್ನು ಒತ್ತುವುದನ್ನು ಮಾತ್ರ ನೀವು ಮರೆಯಬೇಡಿ. ದೇವರ ದರ್ಶನ ಮುಗಿಸಿ ಹೊರಟವರು ಬಿಲ್ಲೆಯನ್ನು ಬೀದಿಯಲ್ಲಿ ಬಿಟ್ಟು ಹೋಗುವುದುಂಟೆ?