ಖುಲಾಸೆ

ನಮ್ಮಮ್ಮ ಓದಿದ್ದು ಐದನೆಯ ಕ್ಲಾಸು. ಆದರೂ ದಸ್ತಗಿರಿ, ಪಂಚನಾಮೆ, ಫರಾರಿ ಎಂಬ ಮಾತುಗಳು ಸೊಪ್ಪು ಸೋಸುವಾಗಲೂ ಅವಳ ಬಾಯಲ್ಲಿ ಸಲೀಸಾಗಿ ಬರುತ್ತಿದ್ದವು. ಹಾಲು ಕುಡಿದ ಬೆಕ್ಕು ‘ಫರಾರಿ’ಯಾಗುತ್ತಿತ್ತು. ಕದ್ದು ಕೊಬ್ಬರಿ ತಿಂದ ತಮ್ಮನ ‘ದಸ್ತಗಿರಿ’ ನಡೆಯುತ್ತಿತ್ತು. ಇದಕ್ಕೆಲ್ಲ ಕಾರಣ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು.

ಆಗ ನಾವು ಮಾಲೂರಿನಲ್ಲಿದ್ದೆವು. ಅಮ್ಮನ ತವರು ಶ್ರೀನಿವಾಸಪುರ. ಹೋಗಿಬರುವಾಗ ಕೋಲಾರದಲ್ಲಿ ಬಸ್ಸು ಬದಲಿಸಬೇಕು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಹಳೆಯ ಕಾದಂಬರಿ ಕೊಳ್ಳದೆ ಅವಳು ಬಸ್ಸು ಹತ್ತುತ್ತಿರಲಿಲ್ಲ. ಅಪ್ಪನಿಗೆ ಇದು ಸೇರದು. “ಈ ತಾಲ್ಲೂಕಿನವರೇ ಆದ ಮಾಸ್ತಿ ಇದ್ದಾರೆ, ಮುಳಬಾಗಿಲಿನ ಡಿ.ವಿ.ಜಿ. ಇದ್ದಾರೆ, ಓದು. ಸಂಸಾರಸ್ಥೆಗೆ ಕೊಲೆ, ಕಳ್ಳತನ ಯಾಕೆ?” ಎನ್ನುತ್ತಿದ್ದರು. ಅಮ್ಮ ಅವರಿಬ್ಬರನ್ನೂ ಓದಿದಳು. ಪತ್ತೇದಾರ ಪುರುಷೋತ್ತಮ ಮಾತ್ರ ರಾಗಿಹಿಟ್ಟಿನ ಡಬ್ಬದ ಹಿಂದೆ ತಲೆಮರೆಸಿಕೊಂಡಿರುತ್ತಿದ್ದ.

ನರಸಿಂಹಯ್ಯನವರ ಶಾಲೆಯೂ ನಾಲ್ಕನೆಯ ತರಗತಿಗೇ ಮುಗಿದಿತ್ತಂತೆ. ಆದರೂ 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳು ಜನರ ಕೈ ಸೇರಿದ್ದವು. ಕೊಲೆಗಾರ ಯಾರೆಂದು ತಿಳಿದ ಮೇಲೂ ಅಮ್ಮ ಪುಸ್ತಕ ಬಿಡುತ್ತಿರಲಿಲ್ಲ. ಗೊತ್ತಿಲ್ಲದ ಪದಗಳನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟು, ಪಕ್ಕದ ಮನೆಯಲ್ಲಿದ್ದ ಕೋರ್ಟಿನ ಹಳೆಯ ಗುಮಾಸ್ತರನ್ನು ಕೇಳುತ್ತಿದ್ದಳು. ‘ದಸ್ತ್’ ಎಂದರೆ ಪಾರಸಿಯಲ್ಲಿ ಕೈ, ‘ಗಿರ್’ ಎಂದರೆ ಹಿಡಿಯುವುದು ಎಂದು ಅವರು ಹೇಳಿದ ದಿನ ಅಮ್ಮ ನಕ್ಕಿದ್ದೇ ನಕ್ಕಿದ್ದು. “ಹಾಗಾದ್ರೆ ಪಾಣಿಗ್ರಹಣ ಅಂದ್ರೂ ಅದೇ ಆಯ್ತಲ್ಲ! ನಿಮ್ಮಪ್ಪ ನನ್ನ ದಸ್ತಗಿರಿ ಮಾಡಿ ಹದಿನಾರು ವರ್ಷ ಆಯ್ತು ಕಣೇ!”

1978ರಲ್ಲಿ ತಾತ ತೀರಿಕೊಂಡರು. ಸ್ವಂತ ದುಡಿಮೆಯಲ್ಲಿ ಅವರು ಕೊಂಡ ಮಾವಿನ ತೋಪಿತ್ತು. ತಿಂಗಳು ಕಳೆದ ಮೇಲೆ ಮಾವ ಛಾಪಾ ಕಾಗದ ಹಿಡಿದು ಬಂದರು.

“ಇಲ್ಲೊಂದು ರುಜು ಹಾಕಮ್ಮಾ. ಖಾತೆ ಬದಲಾಯಿಸಬೇಕು, ಅಷ್ಟೇ.”

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಾಗದವನ್ನು ಓದತೊಡಗಿದಳು. ಮೇಲೆಯೇ ‘ಹಕ್ಕು ಖುಲಾಸೆ ಪತ್ರ’ ಎಂದಿತ್ತು.

“ಖುಲಾಸೆ ಅಂದ್ರೆ ಬಿಟ್ಟುಬಿಡೋದಲ್ವಾ ಅಣ್ಣಾ? ಅಪರಾಧ ಮಾಡಿಲ್ಲ ಅಂತ ಗೊತ್ತಾದವರನ್ನ ಕಡೇ ಪುಟದಲ್ಲಿ ಬಿಟ್ಟುಬಿಡ್ತಾರೆ. ಇಲ್ಲಿ ನಾನು ಏನನ್ನ ಬಿಡಬೇಕು?”

ಮಾವನ ಕೈಯಲ್ಲಿದ್ದ ಕಾಫಿ ಲೋಟ ಹಾಗೆಯೇ ನಿಂತಿತು. “ಅಣ್ಣನ ಮೇಲೆ ನಂಬಿಕೆ ಇಲ್ವಾ?” ಎಂದರು. ಅಮ್ಮ ಉತ್ತರ ಕೊಡಲಿಲ್ಲ, ರುಜುವನ್ನೂ ಹಾಕಲಿಲ್ಲ. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳುತ್ತದೆಂಬುದು ಅವಳಿಗೆ ಗುಮಾಸ್ತರಿಂದ ತಿಳಿದದ್ದು ಮಾರನೆಯ ದಿನ. ಅಂದು ಅವಳ ಕೈ ತಡೆದದ್ದು ಕಾಯಿದೆಯಲ್ಲ, ಒಂದು ಪದ.

ಕೊನೆಗೆ ಬಾವಿಯ ಕಡೆಯ ಅರ್ಧ ಎಕರೆ ಅಮ್ಮನ ಹೆಸರಿಗೆ ಬಂತು. ಆದರೆ ಮೂರು ವರ್ಷ ತವರಿನಿಂದ ಗೌರಿಬಾಗಿನ ಬರಲಿಲ್ಲ. ಹಬ್ಬದ ದಿನ ಅಮ್ಮ ಹೊಸಿಲಿಗೆ ಎರಡೆರಡು ಸಲ ಅರಿಶಿನ ಹಚ್ಚುವ ನೆಪದಲ್ಲಿ ಬೀದಿಯ ಕಡೆ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಆ ಅರ್ಧ ಎಕರೆಯ ಬೆಲೆಯೇನೆಂದು ಅವಳಿಗೆ ಮಾತ್ರ ಗೊತ್ತು.

ನಾಲ್ಕನೆಯ ವರ್ಷ ಮಾವ ತಾವೇ ಬಾಗಿನ ತಂದರು. ಮೂಲೆಯಲ್ಲಿದ್ದ ಕಾದಂಬರಿ ನೋಡಿ, “ಇನ್ನೂ ಇದನ್ನೇ ಓದ್ತೀಯಾ?” ಎಂದರು.

“ಪದಗಳು ಚೆನ್ನಾಗಿರ್ತವೆ ಅಣ್ಣಾ” ಎಂದಳು ಅಮ್ಮ, ಎಲೆ ಹಾಕುತ್ತಾ.

ಅಮ್ಮ ಈಗಿಲ್ಲ. ಹಾಲಿನ ಲೆಕ್ಕದ ಪುಸ್ತಕ ನನ್ನ ಬಳಿ ಇದೆ. ‘ಖುಲಾಸೆ’ಯ ಎದುರು ನೀಲಿ ಶಾಯಿಯಲ್ಲಿ ‘ಬಿಡುಗಡೆ’ ಎಂದಿದೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಆಮೇಲೆಂದೋ ಬರೆದದ್ದು: ‘ಬಿಟ್ಟುಕೊಡುವುದು ಎಂದೂ ಆಗುತ್ತದೆ. ನೋಡಿಕೊಂಡು ಓದಬೇಕು.’