ಅವ್ವನಿಗೆ ವಚನ ಕೇಳಿಸಲಿಲ್ಲ

ಹೈದರಾಬಾದಿನ ಮಿಯಾಪುರದಿಂದ ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಹೊರಟರೆ ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್ ದಾಟಿ ಹುಮನಾಬಾದ್, ಆಮೇಲೆ ಬಸವಕಲ್ಯಾಣದ ತಿರುವು. ಬೀದರ್ ಸೀಮೆಯಿಂದ ಬಂದು ಇಲ್ಲಿ ನೆಲೆ ನಿಂತ ನನಗೆ ಊರಿನ ದಾರಿ ಅದೇ. ಆ ದಾರಿಯಲ್ಲಿ ಅವ್ವನಿಗೆ ವಚನ ಬೇಕು. ಅದರಲ್ಲೂ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಅಕ್ಕಮಹಾದೇವಿಯ ವಚನ. ಕಾರಿನ ಜೊತೆ ಬಂದಿದ್ದ ಸ್ಪೀಕರುಗಳ ಕಾಗದದ ಕೋನು ಹರಿದು, ಮನ್ಸೂರರು ದನಿ ಏರಿಸಿದಾಗಲೆಲ್ಲ ಗೊರಗೊರ ಸದ್ದು ಬರುತ್ತಿತ್ತು. ಹದಿನೈದು ಸಾವಿರ ರೂಪಾಯಿ ತೆಗೆದಿಟ್ಟು, ಹೊಸ ಸೆಟ್ ಹಾಕಿಸುತ್ತೇನೆ ಎಂದು ಅವ್ವನಿಗೆ ಹೇಳಿದೆ. ತಮ್ಮನಿಗೂ ಫೋನು ಮಾಡಿ ಹೇಳಿದೆ.

ಅಂಗಡಿಯವನು ನನ್ನನ್ನು ಕಾರಿನೊಳಗೆ ಕೂರಿಸಿ, ಬಾಗಿಲು ಹಾಕಿ, ಒಂದು ಸಿನಿಮಾ ಹಾಡು ಹಚ್ಚಿದ. ಡಿಕ್ಕಿಯಲ್ಲಿ ಹನ್ನೆರಡು ಇಂಚಿನ ಊಫರ್. ಬೆನ್ನಿಗೆ, ಎದೆಗೆ ಬಡಿದ ಆ ಸದ್ದಿಗೆ ನಾನು ಸೋತುಹೋದೆ. ಒಂದೇ ಹಾಡನ್ನು ತುಸು ಜೋರಾಗಿ ಕೇಳಿಸಿದರೂ ಸಾಕು, ಅದೇ ಒಳ್ಳೆಯ ಸೆಟ್ ಎಂದು ಕಿವಿ ನಂಬಿಬಿಡುತ್ತದೆ. ಜೇಬಿನಲ್ಲಿದ್ದ ಮೊಬೈಲಿನಲ್ಲಿ ಮನ್ಸೂರರಿದ್ದರು. ಅದನ್ನು ಹಚ್ಚಿ ನೋಡೋಣ ಎಂದು ನನಗೆ ತೋಚಲೇ ಇಲ್ಲ. ಇದ್ದ ದುಡ್ಡೆಲ್ಲ ಊಫರಿಗೆ, ಆಂಪ್ಲಿಫೈಯರಿಗೆ, ವೈರಿಗೆ ಹೋಯಿತು. ಮುಂದಿನ ಬಾಗಿಲಿಗೆ ಅತಿ ಅಗ್ಗದ ಸ್ಪೀಕರುಗಳು ಬಂದು ಕೂತವು.

ಮುಂದಿನ ಸಲ ಬಸವಕಲ್ಯಾಣಕ್ಕೆ ಹೊರಟಾಗ ಅವ್ವ ಮುಂದಿನ ಸೀಟಿನಲ್ಲಿ ಕೂತಳು. ವಚನ ಶುರುವಾಯಿತು. ತಬಲಾದ ಎಡಗೈ ಪೆಟ್ಟಿಗೆ ಹಿಂದೆ ಡಿಕ್ಕಿ ನಡುಗಿತು. ಮನ್ಸೂರರ ದನಿ ಆ ಗುಡುಗಿನ ಅಡಿಯಲ್ಲಿ ಎಲ್ಲೋ ಹೂತುಹೋಗಿತ್ತು. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ನಾನು ವಾಲ್ಯೂಮು ಏರಿಸಿದೆ. ಸಂಗಾರೆಡ್ಡಿ ದಾಟಿದ ಮೇಲೆ ಮೆತ್ತಗೆ ಅಂದಳು: "ಒಂದು ಮಾತೂ ತಿಳೀಲಕತ್ತಿಲ್ಲಪ್ಪ, ಎದ್ಯಾಗ ಬಡದಂಗ ಆಗ್ತದ. ಬಂದ್ ಮಾಡು, ಮಾತಾಡ್ಕೋತ ಹೋಗಮು."

ಬಂದ್ ಮಾಡಿದೆ. ಆದರೆ ಮಾತಾಡಲು ನನಗೆ ಬಾಯಿ ಬರಲಿಲ್ಲ. ಅವ್ವನಿಗಾಗಿ ಎಂದು ಊರೆಲ್ಲ ಹೇಳಿಕೊಂಡು ತಂದಿದ್ದೆ. ಆರಿಸುವಾಗ ಮಾತ್ರ ಅವಳ ಕಿವಿಯನ್ನು ನೆನೆದಿರಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ತಿರುಗಿ ನೋಡಲಿ ಎಂಬ ಆಸೆ ನನ್ನಲ್ಲಿತ್ತು. ಇದನ್ನು ಒಪ್ಪಿಕೊಳ್ಳಲು ಹೋದ ದುಡ್ಡಿಗಿಂತ ಹೆಚ್ಚು ಸಂಕಟವಾಯಿತು.

ರಾತ್ರಿ ಮರಳುವಾಗ ತಮ್ಮ ಜೊತೆಗಿದ್ದ. ಅವನಿಗೆ ತೋರಿಸಲು ಹಾಡು ಹಚ್ಚಿದರೆ ಪ್ರತಿ ಪೆಟ್ಟಿಗೂ ಹೆಡ್‌ಲೈಟು ಮಂಕಾಗುತ್ತಿತ್ತು. ಮರುದಿನ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಬಾನೆಟ್ ತೆಗೆದು ನೋಡಿದರು. ವೈರು ತಾಮ್ರದ್ದಲ್ಲ, ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಬ್ಯಾಟರಿಯ ಪಕ್ಕದಲ್ಲೇ ಇರಬೇಕಾದ ಫ್ಯೂಸ್ ಅಲ್ಲಿರಲಿಲ್ಲ. ಡಿಕ್ಕಿಯವರೆಗಿನ ಆ ವೈರು ದಾರಿಯಲ್ಲಿ ಎಲ್ಲಾದರೂ ಉಜ್ಜಿ ಕಾರಿನ ತಗಡಿಗೆ ತಗುಲಿದ್ದರೆ ಬೆಂಕಿ ಹತ್ತಬಹುದಿತ್ತು. ಅವ್ವನನ್ನು ಕೂರಿಸಿಕೊಂಡು ಆ ಕಾರಿನಲ್ಲೇ ಹೋಗಿ ಬಂದಿದ್ದೆ. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಆಂಪ್ಲಿಫೈಯರಿನ ಪೆಟ್ಟಿಗೆಯ ಮೇಲೆ 1200 ವ್ಯಾಟ್ ಎಂದು ಅಚ್ಚಾಗಿತ್ತು. ಅದರ ಮೈಮೇಲಿನ ಫ್ಯೂಸ್ 30 ಆಂಪಿಯರಿನದು. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಎರಡನ್ನೂ ಗುಣಿಸಿದರೆ 420. ಸೆಳೆಯುವುದೇ ಅಷ್ಟು, ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಶಾಲೆಯಲ್ಲಿ ಕಲಿತ ಗುಣಾಕಾರವನ್ನು ಅಂಗಡಿಯಲ್ಲೇ ಮಾಡಬಹುದಿತ್ತು. ಕೊಳ್ಳುವವರು ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಹೆಚ್ಚಿನ ಸಲ ಕ್ಷಣಮಾತ್ರದ ಗರಿಷ್ಠವನ್ನು ಹೇಳುತ್ತದೆ, ಕೆಲವೊಮ್ಮೆ ಅದನ್ನೂ ಹೇಳುವುದಿಲ್ಲ.

ಮನುಷ್ಯನ ಮಾತು ತಿಳಿಯಲು ಅಷ್ಟೆಲ್ಲ ಗುಡುಗು ಬೇಕಾಗಿಯೇ ಇಲ್ಲ. ಹಳೆಯ ಟೆಲಿಫೋನು ದಾಟಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನು ಮಾತ್ರ. ಅಷ್ಟರಲ್ಲೇ ಅವ್ವ ನನ್ನ ನೆಗಡಿಯನ್ನೂ ಗುರುತಿಸುತ್ತಿದ್ದಳು. ವಚನದ ಮಾತು ಇರುವುದು ಆ ಪಟ್ಟಿಯಲ್ಲಿ, ಕಾರಿನಲ್ಲಿ ಅದನ್ನು ಹೊತ್ತು ತರುವುದು ಮುಂದಿನ ಬಾಗಿಲ ಸ್ಪೀಕರು.

ಊಫರನ್ನೂ ಆಂಪ್ಲಿಫೈಯರನ್ನೂ ಸಿಕ್ಕ ಬೆಲೆಗೆ ಮಾರಿದೆ. ಆ ದುಡ್ಡಿಗೆ ಮುಂದಿನ ಬಾಗಿಲಿಗೆ ಆರೂವರೆ ಇಂಚಿನ ಒಂದು ಒಳ್ಳೆಯ ಜೋಡಿ ಬಂತು. ಆರಿಸುವಾಗ ಸೆನ್ಸಿಟಿವಿಟಿ ಹೆಚ್ಚಿದ್ದದ್ದನ್ನೇ ಆರಿಸಿದೆ. 3 ಡೆಸಿಬೆಲ್ ಹೆಚ್ಚಿದ್ದರೆ ಅರ್ಧ ಶಕ್ತಿಯಲ್ಲೇ ಅಷ್ಟೇ ಜೋರು ಸದ್ದು ಬರುತ್ತದೆ. ಸ್ಟೀರಿಯೊದ ಒಳಗಿನ ಸಣ್ಣ ಆಂಪ್ಲಿಫೈಯರೇ ಸಾಕಾಯಿತು. ಬಾಗಿಲ ತಗಡಿಗೆ ಬ್ಯೂಟೈಲ್ ಹಾಳೆ ಅಂಟಿಸಿ ಒಳಗಿನ ತೂತುಗಳನ್ನು ಮುಚ್ಚಿಸಿದೆ. ತೂತಿದ್ದರೆ ಸ್ಪೀಕರಿನ ಹಿಂದಿನ ಅಲೆ ಮುಂದಕ್ಕೆ ಬಂದು ಮಂದ್ರದ ದನಿಯನ್ನು ತಿಂದುಹಾಕುತ್ತದೆ. ಈ ಹಾಳೆಯಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸುಧಾರಣೆ ಕೊಡುವ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ. ಈಗ ಅವ್ವ ಮಾತು ಮಾತನ್ನೂ ಹಿಡಿದು ಜೊತೆಗೆ ಗುನುಗುತ್ತಾಳೆ.

ಕಾರಿಗೆ ಸೆಟ್ ಹಾಕಿಸಲು ಹೊರಟವರು ಅಂಗಡಿಯವನ ಹಾಡನ್ನು ಕೇಳಬೇಡಿ, ನಿಮ್ಮದನ್ನು ಒಯ್ಯಿರಿ. ಬ್ಯಾಟರಿಯ ಪಕ್ಕದ ಫ್ಯೂಸನ್ನು ನಿಮ್ಮ ಕಣ್ಣಾರೆ ನೋಡಿ ದುಡ್ಡು ಕೊಡಿ. ಯಾರಿಗಾಗಿ ಹಾಕಿಸುತ್ತೀರೋ ಅವರನ್ನೂ ಜೊತೆಗೆ ಕರೆದೊಯ್ದು, ಮೊದಲು ಅವರಿಗೆ ಕೇಳಿಸಿ.