ಹೆಸರು ಯಾರದು?

ಒಕ್ಕಲುತನ ಮಾಡುವವರ ಕಿಸೆಯಲ್ಲಿ ಮಡಚುವ ಚಾಕು ಇರುವುದು ಹೊಸದಲ್ಲ. ಹಗ್ಗ ಕೊಯ್ಯಲಿಕ್ಕೆ, ಉಳ್ಳಾಗಡ್ಡಿ ಹೆಚ್ಚಲಿಕ್ಕೆ, ಗೊಬ್ಬರದ ಚೀಲ ಬಿಚ್ಚಲಿಕ್ಕೆ ಅದು ಬೇಕೇ ಬೇಕು. ಹೋದ ವರ್ಷ ಪುಣೆಯಿಂದ ಬಂದ ಅಳಿಯ ನನಗೊಂದು ಚಾಕು ತಂದುಕೊಟ್ಟ. ಹಿಡಿಯ ಬೆನ್ನ ಮೇಲೆ ಸಣ್ಣ ಜೇನುಹುಳ, ಅಲಗಿನ ಮೇಲೆ ‘ಲಾಗಿಯೋಲ್’ ಅಂತ ಹೆಸರು. “ಮಾವಾ, ಇದು ಫ್ರಾನ್ಸಿಂದು ನೋಡ್ರಿ” ಅಂದ. ಎರಡೇ ತಿಂಗಳಿಗೆ ಸ್ಪ್ರಿಂಗ್ ಸಡಿಲಾಯ್ತು, ಅಲಗು ಒಂದು ಕಡೆ ವಾಲಿತು. ಯಾವ ದೇಶದಲ್ಲಿ ಮಾಡಿದ್ದೆಂದು ಅದರ ಮೇಲೆ ಎಲ್ಲಿಯೂ ಬರೆದಿರಲಿಲ್ಲ. ನನಗೆ ಸಿಟ್ಟು ಬಂತು. ಆ ಹೆಸರಿನ ಬೆನ್ನು ಹತ್ತಿ ಓದಿದೆ. ಓದಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕಂದ್ರ ಈ ಮಾತು ನಮ್ಮ ಸೊಲ್ಲಾಪುರ ಸೀಮೆಗೂ ಹತ್ತುತ್ತದೆ.

ಲಾಗಿಯೋಲ್ ಅಂದರೆ ಕಂಪನಿ ಅಲ್ಲ, ಒಂದು ಊರು. ಬರೆಯುವಾಗ ಹಾಗಿದ್ದರೂ ಆ ಊರ ಮಂದಿ ‘ಲಾಯೋಲ್’ ಅಂತಾರ. ಫ್ರಾನ್ಸಿನ ದಕ್ಷಿಣಕ್ಕೆ ಅವೆರೋನ್ ಜಿಲ್ಲೆಯಲ್ಲಿ, ದನ ಮೇಯುವ ಎತ್ತರದ ಹುಲ್ಲುಗಾವಲಿನ ಮೇಲೆ ಅದ. ಜನ ಸುಮಾರು 1,200. 1829ರ ಸುಮಾರಿಗೆ ಅಲ್ಲಿ ಈ ಚಾಕು ಹುಟ್ಟಿತು. ಮುಂದೆ ಅದಕ್ಕೊಂದು ದಬ್ಬಣ ಸೇರಿತು. ಹೊಟ್ಟೆ ಉಬ್ಬಿದ ದನಕ್ಕೆ ಚುಚ್ಚಿ ಗಾಳಿ ಬಿಡಿಸಲಿಕ್ಕೂ ಅದು ಆಗುತ್ತಿತ್ತಂತೆ. ಆ ಸೀಮೆಯ ಮಂದಿ ಪ್ಯಾರಿಸ್ಸಿಗೆ ಗುಳೆ ಹೋಗಿ ಹೋಟೆಲುಗಳಲ್ಲಿ ದುಡಿಯುವಾಗ, 1880ರ ಹೊತ್ತಿಗೆ, ಬಾಟಲಿಯ ಬಿರಡೆ ತೆಗೆಯುವ ಸುರುಳಿಯೂ ಬಂತು. ಅಂದರೆ ಈ ಚಾಕುವಿನ ಒಂದೊಂದು ಭಾಗದಲ್ಲಿಯೂ ಆ ಮಂದಿಯ ಬದುಕು ಅದ.

20ನೆಯ ಶತಮಾನದಲ್ಲಿ ಊರ ಕಮ್ಮಾರಿಕೆ ಇಳಿಯಿತು. ಕೆಲಸವೆಲ್ಲ ಥಿಯೇರ್ ಎಂಬ ಚಾಕುಗಳ ಪಟ್ಟಣಕ್ಕೆ ಹೋಯಿತು. 1987ರಲ್ಲಿ ಊರವರು ಮತ್ತೆ ಕಾರ್ಖಾನೆ ಹಾಕಿದರು. ಅಷ್ಟರೊಳಗೆ ಜೇನುಹುಳವೂ ಆಕಾರವೂ ಎಲ್ಲರ ಸ್ವತ್ತಾಗಿದ್ದವು. ಏಷ್ಯಾದ ಕಾರ್ಖಾನೆಗಳಿಂದಲೂ ಅಗ್ಗದ ನಕಲುಗಳು ಬಂದವು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1993ರಲ್ಲಿ. ಪ್ಯಾರಿಸ್ ಕಡೆಯ ಒಬ್ಬ ವ್ಯಾಪಾರಿ ಊರಿನ ಹೆಸರನ್ನೇ ಟ್ರೇಡ್‌ಮಾರ್ಕ್ ಅಂತ ನೋಂದಾಯಿಸಿದ. ಚಾಕುವಿಗಷ್ಟೇ ಅಲ್ಲ, ಬಟ್ಟೆ, ಲೈಟರ್, ಇನ್ನೂ ಏನೇನೋ ಸಾಮಾನಿಗೆ. ತಾನು ಕಬ್ಬಿಣ ಕಾಸಲಿಲ್ಲ, ಸುತ್ತಿಗೆ ಹಿಡಿಯಲಿಲ್ಲ. ಹೆಸರನ್ನು ಲೈಸೆನ್ಸ್ ಮೇಲೆ ಬೇರೆಯವರಿಗೆ ಕೊಟ್ಟು ರೊಕ್ಕ ಎಣಿಸಿದ. ನಮ್ಮ ಊರಿನ ಹೆಸರು ನಮಗೇ ಇಲ್ಲದಂಗಾತು ಅಂತ ಊರವರು ಕೋರ್ಟಿಗೆ ಹೋದರು. 2012ರಲ್ಲಿ ಮೇಯರ್ ಮುಂದೆ ನಿಂತು ಊರ ಹೆಸರಿನ ಫಲಕವನ್ನೇ ಕಿತ್ತು ಪ್ರತಿಭಟಿಸಿದರು. 2014ರಲ್ಲಿ ಪ್ಯಾರಿಸ್‌ನ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತರು. 2016ರಲ್ಲಿ ಮೇಲಿನ ಕೋರ್ಟು ಮತ್ತೆ ವಿಚಾರಣೆ ಮಾಡಿರಿ ಎಂದಿತು. 2019ಕ್ಕೆ ತೀರ್ಪು ಊರಿನ ಪರವಾಗಿ ಬಂತು. ಒಂದು ಹೆಸರಿಗಾಗಿ ಇಷ್ಟು ವರ್ಷ!

ನನಗೆ ಅನಿಸುವುದು ಇಷ್ಟು. ಥಿಯೇರ್‌ನವರೂ ಇದೇ ಚಾಕು ಮಾಡಿದರು, ಆದರೆ ನೂರು ವರ್ಷ ಕೈ ಸುಟ್ಟುಕೊಂಡು ಮಾಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆಕಾರ ಕದ್ದವನನ್ನು ಒಳ್ಳೆ ಕೆಲಸದಿಂದ ಸೋಲಿಸಬಹುದು. ಹೆಸರನ್ನೇ ಒಯ್ದವನನ್ನು ಹೆಂಗ ಸೋಲಿಸೋದು? ನಮ್ಮ ಒಳ್ಳೆ ಕೆಲಸದಿಂದ ಬೆಳೆಯುವುದು ಅವನ ಹೆಸರೇ.

ನಮ್ಮ ಸೊಲ್ಲಾಪುರದ ಚಾದರ ನೋಡ್ರಿ. ಅದನ್ನು ನೇಯುವವರ ಹಿರಿಯರು ಬಹಳ ಮಂದಿ ತೆಲುಗು ಸೀಮೆಯಿಂದ ಬಂದವರು. ಆದರೂ ಹೆಸರು ಸೊಲ್ಲಾಪುರದ್ದೇ, ಯಾಕಂದ್ರ ದುಡಿಮೆ ಇಲ್ಲಿ ಆಗ್ಯಾದ. ಪಾಣಿಪತ್ ಕಡೆ ನೇಯ್ದ ಅಗ್ಗದ ಚಾದರಗಳು ಇದೇ ಹೆಸರಿನಲ್ಲಿ ಮಾರಾಟವಾಗುತ್ತವೆ ಎಂಬುದು ನೇಕಾರರ ಹಳೆಯ ಗೋಳು. ನಮ್ಮ ದೇಶದಲ್ಲಿ ಇದಕ್ಕೊಂದು ಕಾಯ್ದೆ ಅದ. 1999ರಲ್ಲಿ ಪಾಸಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕ ಕಾಯ್ದೆ. ಮಂದಿ ‘ಜಿಐ’ ಅಂತಾರ. ಸೊಲ್ಲಾಪುರದ ಚಾದರ, ಟವೆಲ್, ದಾಳಿಂಬೆ, ಮಂಗಳವೇಢೆಯ ಜೋಳ, ಇವಕ್ಕೆಲ್ಲ ಜಿಐ ಸಿಕ್ಕದ. ಈ ಕಾಯ್ದೆಯ 24ನೆಯ ಕಲಮು ನನಗೆ ಬಹಳ ಸೇರಿತು: ಜಿಐ ಹಕ್ಕನ್ನು ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ಲೈಸೆನ್ಸ್ ಮೇಲೆ ಕೊಡುವಂತಿಲ್ಲ. ಹೆಸರು ದುಡಿಯುವವರೆಲ್ಲರದು, ಒಬ್ಬನ ಗಂಟಲ್ಲ.

ಆದರೆ ಜಿಐ ತಾನಾಗಿ ಮನೆಗೆ ಬರುವುದಿಲ್ಲ. ಈ ವಸ್ತು ಈ ಊರಿನದೇ ಅಂತ ಹಳೆಯ ದಾಖಲೆ ತೋರಿಸಬೇಕಾಗುತ್ತದೆ. ಅಂಥ ದಾಖಲೆ ನಮ್ಮ ಹಳ್ಳಿಗಳಲ್ಲಿ ಯಾರ ಹತ್ತಿರ ಅದ? ಕಂಬಳಿ ನೇಯುವ ಮುದುಕರು, ಕುಡಗೋಲು ಬಡಿಯುವ ಕಮ್ಮಾರರು, ಶೇಂಗಾ ಚಟ್ನಿ ಕುಟ್ಟುವ ತಾಯಂದಿರು ಹೇಳೋದನ್ನ ಯಾರೂ ಬರೆದಿಟ್ಟಿಲ್ಲ. ಶಾಲೆಯ ಗುರುಗಳು ಹುಡುಗರ ಕೈಲೆ ಇದನ್ನು ಬರೆಸಬಹುದು: ಯಾರು ಮಾಡ್ತಾರ, ಎಷ್ಟು ತಲೆಮಾರಿನಿಂದ, ಯಾವ ಸಂತೆಗೆ ಒಯ್ತಾರ. ನಮ್ಮ ವಾಚನಾಲಯದ ಕಪಾಟಿನಲ್ಲಿ ಅದಕ್ಕಂತ ಒಂದು ವಹಿ ಇಡೋಣ. ದಿನಾಂಕ ಹಾಕಿ, ಹೇಳಿದವರ ಸಹಿಯೋ ಹೆಬ್ಬೆಟ್ಟೋ ತಗೊಂಡು ಇಡೋಣ. ಖರ್ಚು ಒಂದು ವಹಿ, ಒಂದು ಪೆನ್ನು ಅಷ್ಟೇ.